ಮೂರು ಗೋಡೆಯ ಗುರುತು

ಪುಟ್ಟನಿಗೆ ಮೂವತ್ತೈದು ದಾಟಿತ್ತು. ಹೆಸರಿಗೆ ಮಾತ್ರ ವಯಸ್ಸಾಗಿರಲಿಲ್ಲ. ಕಿರಿಯವನೆಂದು ಅಮ್ಮ ಪುಟ್ಟ ಎಂದಳು, ಅಕ್ಕ ಪುಟ್ಟ ಎಂದಳು. ಆಮೇಲೆ ಅಕ್ಕ ಪಿಯಾನೋ ನುಡಿಸುವ ಸಭಾಂಗಣದಲ್ಲಿ ಅವಳ ಎಡಮಗ್ಗುಲ ಕುರ್ಚಿಯಲ್ಲಿ ಕೂತು ಸ್ವರದ ಹಾಳೆ ತಿರುಗಿಸುವ ಕೆಲಸ ಹಿಡಿದ ಮೇಲೆ, ಬಾಗಿಲಲ್ಲಿ ಟಿಕೆಟ್ ಹರಿಯುವವನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರೂ "ಪುಟ ತಿರುಗಿಸೋ ಪುಟ್ಟ" ಎಂದು ಕರೆದು ಆ ಹೆಸರಿಗೆ ಮೊಹರು ಒತ್ತಿಬಿಟ್ಟರು.

ಆ ಕೆಲಸದಲ್ಲಿ ಹೆಸರು ಮಾಡುವುದೆಂದರೆ ಇಲ್ಲದವನಂತೆ ಇರುವುದು. ಕರಿ ಬಟ್ಟೆ ತೊಡಬೇಕು. ಅರ್ಧ ಎದ್ದು, ಹಾಳೆಯ ಮೇಲ್ತುದಿ ಹಿಡಿದು, ತೋಳಿನ ನೆರಳು ಪಿಯಾನೋದ ಕೀಲಿಗಳ ಮೇಲೆ ಬೀಳದಂತೆ ಮಗುಚಿ, ಮತ್ತೆ ಕೂರಬೇಕು. ಕುರ್ಚಿ ಕಿರುಗುಟ್ಟಬಾರದು. ಸೀನು ಬಂದರೆ ನುಂಗಬೇಕು. ಚಪ್ಪಾಳೆ ಬಿದ್ದಾಗ ಅದು ತನಗಲ್ಲವೆಂದು ನೆಲ ನೋಡಬೇಕು.

ಇಷ್ಟೇ ಆಗಿದ್ದರೆ ಪುಟ್ಟ ಎಂದೋ ಕುರ್ಚಿ ಬಿಟ್ಟು ಎದ್ದಿರುತ್ತಿದ್ದ. ಆದರೆ ಎರಡು ವರ್ಷದಿಂದ ಅಕ್ಕನ ಕಣ್ಣು ಕೈಕೊಟ್ಟಿತ್ತು. ನೋಟದ ನಟ್ಟನಡುವೆ ಮಸಿ ಚೆಲ್ಲಿದಂತೆ ಒಂದು ಕಪ್ಪು. ಅಂಚಿನಲ್ಲಿ ಕಿಟಕಿ ಕಾಣುತ್ತದೆ, ನಡೆದು ಬರುವವರು ಕಾಣುತ್ತಾರೆ. ಎದುರಿಗಿಟ್ಟ ಹಾಳೆ ಮಾತ್ರ ಕಾಣುವುದಿಲ್ಲ. ಹೋದದ್ದು ವಾಪಸು ಬರುವುದಿಲ್ಲವೆಂದು ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದರು. ಹೊಸ ಕೃತಿಯನ್ನು ಓದಲಾರದ ವಾದಕಿಯನ್ನು ಯಾವ ಸಭಾಂಗಣ ಇಟ್ಟುಕೊಳ್ಳುತ್ತದೆ? ಅಪ್ಪ ಹೋದ ಮೇಲೆ ಆ ಮನೆ ಉಂಡದ್ದು ಉಟ್ಟದ್ದು ಅವಳ ಹತ್ತು ಬೆರಳಿನಿಂದ. ಹಾಗಾಗಿ ವಿಷಯ ಮನೆಯ ಮೂವರಲ್ಲೇ ಉಳಿಯಿತು.

"ಅವಳದು ಕೈ, ನಿನ್ನದು ಕಣ್ಣು," ಎಂದಿದ್ದಳು ಅಮ್ಮ. "ಇಬ್ಬರೂ ಸೇರಿ ಒಬ್ಬ ಮನುಷ್ಯ ಆಗ್ರಪ್ಪ."

ಮನೆಯಲ್ಲಿ ಪುಟ್ಟ ಹಾಳೆ ಓದಿ ಹೇಳುತ್ತಿದ್ದ, ಅಕ್ಕ ಅದನ್ನು ಬೆರಳಿಗೆ ಕಲಿಸುತ್ತಿದ್ದಳು. ವೇದಿಕೆಯ ಮೇಲೆ ಅವಳಿಗೆ ದಾರಿ ತಪ್ಪದಂತೆ ಆಗಾಗ ಏನಾದರೂ ಹೇಳಬೇಕು. ಪಿಸುಗುಟ್ಟಿದರೆ ಮೊದಲ ಸಾಲಿಗೆ ಕೇಳುತ್ತದೆ. ಅಲ್ಲಿ ಪುಟ್ಟನ ಇನ್ನೊಂದು ವಿದ್ಯೆ ಕೆಲಸಕ್ಕೆ ಬಂತು. ಅವನು ಒಂದೇ ಉಸಿರಿನಲ್ಲಿ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಬಲ್ಲ. ಅಮ್ಮ ಭಾರದ ಪಾತ್ರೆ ಎತ್ತುವಾಗಿನ "ಹೂಂಫ್" ಕೇಳಿಸಿದರೆ ಜೋರಾಗಿ ನುಡಿಸಬೇಕು. ಸೋದರಮಾವ ಬಿಸಿ ಚಹಾ ಹೀರುವ "ಸುರ್" ಕೇಳಿಸಿದರೆ ಮೆಲ್ಲಗೆ. ಮನೆ ಮಾಲೀಕ ಬಾಗಿಲು ತಟ್ಟುವ ಮುಂಚೆ ಕೆಮ್ಮುವ ಆ ಒಣ ಕೆಮ್ಮು, "ಹ್ಹ್‌ಕ್ಕು", ಕೇಳಿಸಿದರೆ ಇಲ್ಲಿಗೆ ಸಾಕು, ಮುಂದಕ್ಕೆ ನಡಿ ಎಂದು. ಸಭೆಯಲ್ಲಿ ಕೆಮ್ಮುವವರಿಗೇನು ಬರ? ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹೀಗಿರುವಾಗ ದೂರದ ನಗರದ ಡಬ್ಬಿಂಗ್ ಸ್ಟುಡಿಯೋದಿಂದ ಪುಟ್ಟನಿಗೆ ಕರೆ ಬಂತು. ಮಕ್ಕಳ ಕಾರ್ಟೂನಿಗೆ ದನಿ ಕೊಡುವ ಕೆಲಸ: ಹಂದಿ, ಹದ್ದು, ಹಲ್ಲಿಲ್ಲದ ರಾಜ, ಎಲ್ಲ ಇವನೇ. ಫೋನಿನಲ್ಲೇ ಹಂದಿಯನ್ನು ಗುರುಗುಟ್ಟಿಸಿ ಕೇಳಿ, ಬಿದ್ದು ಬಿದ್ದು ನಕ್ಕು, "ಬರೋ ಸೋಮವಾರ ಬಂದು ಸೇರ್ಕೊಳ್ಳಿ," ಎಂದರು. ಅದರ ಹಿಂದಿನ ದಿನ, ಭಾನುವಾರ, ಅಕ್ಕನ ಕಾರ್ಯಕ್ರಮ. ಪುಟ್ಟ ಸ್ಟುಡಿಯೋಗೆ ಖಂಡಿತ ಎಂದ. ಅಕ್ಕನಿಗೆ ಹೇಳುವುದು ಬಾಕಿ ಉಳಿಯಿತು. ಬೆಳಿಗ್ಗೆ ಹೇಳೋಣವೆಂದರೆ ಅವಳು ಹಲ್ಲುಜ್ಜುವ ಬ್ರಷ್ಷಿಗೆ ಕಾಲುನೋವಿನ ಮುಲಾಮು ಹಚ್ಚುತ್ತಿದ್ದಳು. ಸಂಜೆ ಹೇಳೋಣವೆಂದರೆ ಅಂದೇ ಆ ಕಾರ್ಯಕ್ರಮಕ್ಕೆಂದು ಹೊಸ ಕೃತಿ ಬಂದು ಬಿತ್ತು.

ಅದನ್ನು ಬರೆದ ಸಂಯೋಜಕರಿಗೆ ಊರಿನಲ್ಲಿ ದೊಡ್ಡ ಹೆಸರು, ಮುಖದಲ್ಲಿ ದೊಡ್ಡ ಮೂಗು, ಮಾತೆಲ್ಲ ಆ ದಾರಿಯಿಂದಲೇ ಬಂದು "ಅಲ್ವೇ?" ಎಂದು ಮುಗಿಯುತ್ತಿತ್ತು. ಪಿಯಾನೋ ಇರುವ ಕೋಣೆಯಲ್ಲಿ ಒಗೆದ ಬಟ್ಟೆ ಹರವಿತ್ತು. ಪುಟ್ಟ ಬಟ್ಟೆ ಸರಿಸಿ ಹಾಳೆ ನಿಲ್ಲಿಸಿದ, ನೋಡಿದ, ತಲೆಕೆಳಗು ಮಾಡಿ ಮತ್ತೆ ನೋಡಿದ.

"ಏನಿದೆಯೋ?" ಎಂದಳು ಅಕ್ಕ.

"ಐದು ಗೆರೆ ಇದೆ ಅಕ್ಕ. ಅದೊಂದು ಗುರುತು ಸಿಕ್ತು."

"ಮಿಕ್ಕಿದ್ದು?"

"ಮಿಕ್ಕಿದ್ದು ಯಾರೋ ಹಾರ್ಡ್‌ವೇರ್ ಅಂಗಡಿ ಬೀಳಿಸಿದಾರೆ. ಬಾಚಣಿಗೆ ಇದೆ, ಹಲಗೆ ಇದೆ, ಬಳೆ ಇದೆ. ಸ್ವರ ಅಲ್ಲೊಂದು ಇಲ್ಲೊಂದು, ಮಾರಿ ಉಳಿದಿರೋ ಮೊಳೆ ಥರ."

"ಗುರುತುಗಳ ಅರ್ಥ ಎಲ್ಲಾದ್ರೂ ಕೊಟ್ಟಿರ್ತಾರೆ, ನೋಡು."

"ಕೊಟ್ಟಿದಾರೆ. 'ಗುರುತುಗಳು ತಮ್ಮನ್ನು ತಾವೇ ವಿವರಿಸಿಕೊಳ್ಳುತ್ತವೆ,'" ಎಂದು ಪುಟ್ಟ ಮೂಗಿನಿಂದ ಓದಿ, "ಅಲ್ವೇ?" ಎಂದು ತನ್ನ ಕಡೆಯಿಂದ ಸೇರಿಸಿದ.

ಅಕ್ಕ ನಕ್ಕಳು. "ಕೈಬರಹವಾದ್ರೂ ನೆಟ್ಟಗಿದೆಯಾ?"

"ಕೈಬರಹ ಅಲ್ಲ ಅಕ್ಕ, ಇದು ನಮ್ಮ ಹಣೆಬರಹ. ಫೋನ್ ಮಾಡಿ ಅವರನ್ನೇ ಕೇಳಿಬಿಡೋಣ."

"ಬೇಡ." ನಗು ಅಲ್ಲಿಗೇ ನಿಂತಿತು. "ಕೇಳಿದ್ರೆ ಮನೆಗೇ ಬರ್ತಾರೆ. ಪಕ್ಕದಲ್ಲಿ ಕೂತು, ಹಾಳೆ ಮೇಲೆ ಬೆರಳಿಟ್ಟು, ಇಲ್ಲಿ ನೋಡಿ ಅಂತಾರೆ. ನಾನು ಎಲ್ಲಿ ನೋಡ್ಲಿ?"

ಹೀಗೆ ಇಬ್ಬರೂ ಲೆಕ್ಕಕ್ಕೆ ಕೂತರು. ಪಿಯಾನೋ ಸಂಗೀತದಲ್ಲಿ ಸ್ವರಗಳು ಕೂರುವ ಐದು ಅಡ್ಡಗೆರೆಗಳನ್ನು ಉದ್ದಗೆರೆ ಕತ್ತರಿಸಿ ಮನೆ ಮನೆಯಾಗಿ ಮಾಡಿರುತ್ತದೆ. ಪ್ರತಿ ಮನೆಗೂ ತಾಳದ ನಾಲ್ಕು ಏಟು ಸಲ್ಲಬೇಕು. ಬರೆದವರು ಎಷ್ಟೇ ದೊಡ್ಡವರಾದರೂ ಅದರಲ್ಲಿ ರಿಯಾಯಿತಿ ಇಲ್ಲ. ಮೂರು ಹಲ್ಲಿನ ಬಾಚಣಿಗೆ ಇದ್ದ ಮನೆಯಲ್ಲಿ ಒಂದೇ ಏಟಿನ ಸ್ವರವಿತ್ತು. ಎರಡು ಹಲ್ಲು ಇದ್ದಲ್ಲಿ ಎರಡು.

"ಹಲ್ಲಿಗೊಂದು ಏಟು," ಎಂದಳು ಅಕ್ಕ. "ಆದ್ರೆ ಏಟು ಯಾವುದರ ಮೇಲೆ? ಬಾಚಣಿಗೆ ಯಾವ ಗೆರೆ ಮೇಲೆ ಕೂತಿದೆ?"

"ಯಾವುದರ ಮೇಲೂ ಇಲ್ಲ. ಗೆರೆಯಿಂದ ಆಚೆ."

"ಅಂದ್ರೆ ಸ್ವರ ಇಲ್ಲ. ಬರೀ ತಟ್ಟೋದು." ಅವಳು ಪಿಯಾನೋದ ಮರದ ಮೇಲೆ ಗೆಣ್ಣಿನಿಂದ ಮೂರು ಸಲ ತಟ್ಟಿದಳು.

"ಯಾರದು ಬಾಗಿಲಲ್ಲಿ?" ಎಂದಳು ಅಡುಗೆಮನೆಯಿಂದ ಅಮ್ಮ.

"ಬಾಚಣಿಗೆ ಮಾರೋರು!" ಎಂದ ಪುಟ್ಟ.

ಕರಿ ಹಲಗೆ ಕೆಳಗಿನ ಗೆರೆಯಿಂದ ಮೇಲಿನ ಗೆರೆವರೆಗೆ ಒಂದೂ ಬಿಡದೆ ಮುಚ್ಚಿತ್ತು. ಹಾಗಾದರೆ ಅಲ್ಲಿಂದ ಅಲ್ಲಿಗೆ ಇರುವ ಎಲ್ಲ ಕೀಲಿಯೂ ಒಟ್ಟಿಗೆ. ಅಕ್ಕ ಮೊಣಕೈವರೆಗೆ ತೋಳನ್ನೇ ಊರಿದಳು. "ಬಿತ್ತಾ ಪಿಯಾನೋ?" ಎಂದು ಅಮ್ಮ ಸೌಟು ಸಮೇತ ಓಡಿ ಬಂದಳು. ಬಳೆ ಇದ್ದದ್ದು ಕಡೆಯ ಪುಟದಲ್ಲಿ, ಒಂದು ಇಡೀ ಮನೆಯನ್ನು ಸುತ್ತುವರಿದು; ಒಳಗೆ ನಾಲ್ಕು ಏಟೂ ತುಂಬಿತ್ತು. ಅದನ್ನೇ ಮತ್ತೆ ಮತ್ತೆ ಸುತ್ತು ಬರಬೇಕೆಂದು ಇಬ್ಬರಿಗೂ ಒಮ್ಮೆಲೇ ಹೊಳೆಯಿತು.

"ಎಷ್ಟು ಸುತ್ತು ಅಂತ ಬರೆದಿದಾರಾ?"

"ಇಲ್ಲ."

"ಹಾಗಾದ್ರೆ ನುಡಿಸೋರ ಇಷ್ಟ."

"ಎರಡು ಸಾಕು ಅಕ್ಕ. ಎರಡಾದ ಮೇಲೆ ಮಾಲೀಕ ಕೆಮ್ತಾನೆ, ನೀನು ಮುಂದಕ್ಕೆ ಹೋಗು."

ಉಳಿದದ್ದು ಒಂದೇ. ಕಡೆಯ ಎರಡು ಪುಟ ಎದುರುಬದುರಾಗಿ ತೆರೆದುಕೊಳ್ಳುವ ಜಾಗದಲ್ಲಿ, ನೆತ್ತಿಯ ಮೇಲೆ, ಮೂರು ಗೋಡೆಯ ಒಂದು ಸಣ್ಣ ಪೆಟ್ಟಿಗೆ. ಬಲಕ್ಕೆ ಗೋಡೆಯಿಲ್ಲ. ಆಚೆಗೆ ಒಂದು ಚುಕ್ಕಿ.

"ಆ ಮನೇಲಿ ಏಟು ಎಷ್ಟಿದೆ?"

"ನಾಲ್ಕೂ ಇದೆ. ಏನೂ ಕಮ್ಮಿ ಇಲ್ಲ."

"ಹಾಗಾದ್ರೆ ಅದಕ್ಕೆ ನನ್ನಿಂದ ಏನೂ ಬೇಕಾಗಿಲ್ಲ. ಬಿಟ್ಹಾಕು."

ಬಿಟ್ಟು ಹಾಕಿದರು. ಹಾಳೆಯ ಮೇಲಿರುವುದೆಲ್ಲ ನುಡಿಸುವವಳಿಗೇ ಬರೆದದ್ದು ಎಂದು ಇಬ್ಬರೂ ಎಷ್ಟು ಗಟ್ಟಿಯಾಗಿ ನಂಬಿದ್ದರೆಂದರೆ, ಆ ಕೋಣೆಯಲ್ಲಿ ಹಾಳೆಯ ಮುಂದೆ ಇನ್ನೊಬ್ಬ ಮನುಷ್ಯನೂ ಕೂತಿದ್ದಾನೆಂಬುದು ಅವರ ಲೆಕ್ಕಕ್ಕೇ ಬರಲಿಲ್ಲ. ಆ ಮನುಷ್ಯನ ಲೆಕ್ಕಕ್ಕೂ ಬರಲಿಲ್ಲ.

ಸಭಾಂಗಣದಲ್ಲಿ ತಾಲೀಮಿನ ದಿನ ಸಂಯೋಜಕರು ಮುಂದಿನ ಸಾಲಿನಲ್ಲೇ ಕೂತಿದ್ದರು, ಪಕ್ಕದಲ್ಲಿ ಮ್ಯಾನೇಜರು. ಬಾಚಣಿಗೆ ಬಂದಾಗ ಮೂಗು ಅರಳಿತು. ಹಲಗೆ ಬಂದಾಗ ತಲೆ ತೂಗಿತು. ಪುಟ್ಟ ಕಡೆಯ ಹಾಳೆ ಮಗುಚಿ ಕೂತನೋ ಇಲ್ಲವೋ, ಸಂಯೋಜಕರು ಚಪ್ಪಾಳೆ ತಟ್ಟಿ ನಿಲ್ಲಿಸಿದರು.

"ನಿಲ್ಸಿ, ನಿಲ್ಸಿ! ಅಲ್ಲೊಂದು ಬಾಗಿಲಿದೆ, ಅಲ್ವೇ?"

ಅಕ್ಕನ ಕೈ ಕೀಲಿಯ ಮೇಲೆ ಹಾಗೇ ನಿಂತಿತು. "ಬಾಗಿಲು?"

"ಮೂರು ಗೋಡೆ, ಒಂದು ಕಡೆ ತೆರೆದಿದೆ, ಆಚೆಗೆ ಚುಕ್ಕಿ. ಕೋಣೆ, ಬಾಗಿಲು, ಮನುಷ್ಯ! ಅದು ನಿಮಗಲ್ಲಮ್ಮ. ಅವರಿಗೆ." ಅವರ ಬೆರಳು ಪುಟ್ಟನ ಕಡೆ ತಿರುಗಿತು. "ಪುಟ ತಿರುಗಿಸೋರು ಅಲ್ಲಿ ಎದ್ದು, ವೇದಿಕೆ ದಾಟಿ, ಆ ಪಕ್ಕದ ಬಾಗಿಲಿಂದ ಹೊರಗೆ ಹೋಗ್ತಾರೆ. ಬಾಗಿಲು ಮುಚ್ಚೋ ಸದ್ದು ಎಲ್ಲರಿಗೂ ಕೇಳ್ಬೇಕು. ಅಲ್ಲಿಂದ ಮುಂದೆ ನೀವು ಒಬ್ಬರೇ. ಇಡೀ ಕೃತಿ ಬರೆದಿದ್ದೇ ಆ ಒಂಟಿತನಕ್ಕೆ, ಅಲ್ವೇ?"

"ಭಲೇ!" ಎಂದರು ಮ್ಯಾನೇಜರು.

ಪುಟ್ಟ ಕುರ್ಚಿಯಿಂದ ಅರ್ಧ ಎದ್ದ. "ನಾನು ಹೋದ್ರೆ ಪುಟ ಯಾರು ತಿರುಗಿಸ್ತಾರೆ ಸಾರ್?"

"ಆಮೇಲೆ ತಿರುಗಿಸೋ ಪುಟವೇ ಇಲ್ವಲ್ಲಪ್ಪ. ಎರಡೂ ಕಣ್ಮುಂದೆ ತೆರೆದಿರತ್ತೆ. ಅವರು ಸುಮ್ನೆ ನೋಡ್ಕೊಂಡು ನುಡಿಸೋದು."

ಸುಮ್ಮನೆ ನೋಡಿಕೊಂಡು! ಪುಟ್ಟ ಅಕ್ಕನ ಮುಖ ನೋಡಿದ. ಅವಳು ಹಾಳೆಯತ್ತ ಮುಖ ಮಾಡಿ, ಎಲ್ಲವನ್ನೂ ಓದುತ್ತಿರುವವಳಂತೆ ಕೊಂಚ ಹೊತ್ತು ಕೂತು, "ಸರಿ ಸಾರ್," ಎಂದಳು.

ವೇದಿಕೆಯ ಹಿಂದಿನ ಕೋಣೆಗೆ ಬಂದು ಪುಟ್ಟ ಚಿಲಕ ಹಾಕಿದ. "ಯಾಕೆ ಸರಿ ಅಂದೆ?"

"ಆಗಲ್ಲ ಅನ್ನೋಕೆ ಒಂದು ಕಾರಣ ಬೇಕಲ್ವೇನೋ. ನೀನೇ ಹೇಳು."

"ನನಗೆ ಕಾಲು ಉಳುಕಿದೆ, ಎದ್ದು ನಡೆಯಕ್ಕಾಗಲ್ಲ ಅಂತೀನಿ."

"ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸ್ತಾರೆ."

"ಆ ಬಾಗಿಲು ಕೆಟ್ಟಿದೆ ಅಂತೀನಿ."

"ಬಡಗಿನ ಕರೆಸ್ತಾರೆ."

"ಸಂಯೋಜಕರಿಗೆ ತಲೆ ಕೆಟ್ಟಿದೆ ಅಂತೀನಿ."

"ಅದು ಅವರಿಗೇ ಗೊತ್ತು. ಅದಕ್ಕೇ ಅಷ್ಟು ಹೆಸರು." ಅಕ್ಕ ಕುರ್ಚಿ ತಡಕಿ ಕೂತಳು. "ನಿಜ ಒಂದನ್ನು ಬಿಟ್ಟು ಬೇರೆ ಯಾವ ಕಾರಣವೂ ಇಲ್ಲ ಪುಟ್ಟ. ಆ ಎರಡು ಪುಟ ನಾನೇ ಕಲೀಬೇಕು."

ಅತ್ತ ದರಿ, ಇತ್ತ ಪುಲಿ. ಹೊರಗೆ ಹೋಗು ಎಂದು ಬರಹದಲ್ಲೇ ಅಪ್ಪಣೆಯಾಗಿದೆ. ಹೊರಗೆ ಹೋಗಬೇಕೆಂದು ವರ್ಷಗಟ್ಟಲೆ ಹಂಬಲಿಸಿದವನೇ ಈಗ ಬೇಡ ಬೇಡ ಎಂದು ಕುರ್ಚಿಯ ಕಾಲು ಹಿಡಿದಿದ್ದಾನೆ. ಪುಟ್ಟನಿಗೆ ತನ್ನ ಮೇಲೇ ನಗು ಬರಬೇಕಿತ್ತು. ಬರಲಿಲ್ಲ.

ಅಂದಿನಿಂದ ಮನೆಯಲ್ಲಿ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಆ ಎರಡು ಪುಟ ನುಡಿಸತೊಡಗಿದಳು. ಪುಟ್ಟ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂರಬೇಕು. ಅವಳು ಎಲ್ಲಾದರೂ ಎಡವಿದರೆ ಇವನ ಕೈಯಿಂದ ಬಟಾಣಿ ಉರುಳಿ ಒಲೆಯ ಕೆಳಗೆ ಹೋಗುತ್ತಿತ್ತು. ಎದ್ದು ಓಡಿದರೆ ಒಳಗಿನಿಂದ "ಬರ್ಬೇಡ!" ಎಂದು ಕೂಗು.

"ಸೋಮವಾರದ್ದು ಹೇಳಿದೆಯೇನೋ?" ಎಂದಳು ಅಮ್ಮ ಮೆಲ್ಲಗೆ. ಸ್ಟುಡಿಯೋದವರು ಇನ್ನೊಮ್ಮೆ ಕರೆ ಮಾಡಿದಾಗ ಫೋನು ಎತ್ತಿದವಳು ಅವಳೇ.

"ಈ ಭಾನುವಾರ ಒಂದು ಕಳೀಲಮ್ಮ."

"ನಿನಗೆ ಊರವರ ದನಿಯೆಲ್ಲ ಬರತ್ತೆ. ಬೇಕಾದಾಗ ನಿನ್ನದೇ ಬರಲ್ಲ ನೋಡು. ನಾನೇ ಹೇಳ್ಲಾ?"

"ಬೇಡ ಅಂದ್ನಲ್ಲ!"

ಅಮ್ಮ ಅವನ ಮುಂದಿದ್ದ ಸಿಪ್ಪೆ ಬಾಚಿಕೊಂಡು ಎದ್ದಳು.

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಎಲ್ಲ ನೆಟ್ಟಗೆ ನಡೆಯಿತು. ಅಮ್ಮ ಪಾತ್ರೆ ಎತ್ತಿದಳು, ಮಾವ ಚಹಾ ಹೀರಿದ, ಅಕ್ಕನ ಬೆರಳು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಕಡೆಯ ಹಾಳೆ ಬಂತು. ಪುಟ್ಟ ಮಗುಚಿದ, ಎದ್ದ, ನಡೆದ. ತನ್ನ ಹೆಜ್ಜೆಯ ಸದ್ದು ಸಾವಿರ ಕಿವಿಗೆ ಬೀಳುತ್ತಿರುವುದು ಇದೇ ಮೊದಲು. ಬಾಗಿಲು ತೆರೆದು, ಆಚೆ ನಿಂತು, ಎಳೆದುಕೊಂಡ. ಧಪ್.

ಆಚೆಗೆ ಇಕ್ಕಟ್ಟಿನ ಓಣಿ. ಮಡಚಿದ ಕುರ್ಚಿಗಳು, ಮರಳು ತುಂಬಿದ ಬಕೆಟ್ಟು. ಓಣಿಯ ಆ ತುದಿಯಲ್ಲಿ ಇನ್ನೊಂದು ಬಾಗಿಲು ಬೀದಿಗೆ ತೆರೆದಿತ್ತು. ಬಸ್ಸಿಗೆ ಕಾಯುವವರು ಕಾಣುತ್ತಿದ್ದರು. ಮನೆಯಲ್ಲಿ ಮಂಚದ ಕೆಳಗೆ ಚೀಲ ಸಿದ್ಧವಾಗಿತ್ತು. ಪುಟ್ಟ ಬೀದಿಯ ಕಡೆ ಎರಡು ಹೆಜ್ಜೆ ಇಟ್ಟ. ವಾಪಸು ಬಂದು ಮರಕ್ಕೆ ಕಿವಿ ಹಚ್ಚಿದ.

ಅಕ್ಕ ನುಡಿಸುತ್ತಿದ್ದಳು. ಎರಡರಲ್ಲಿ ಮೊದಲ ಪುಟ ದಾಟಿತು. ಬಾಚಣಿಗೆ ತಟ್ಟಿದಳು, ಸರಿಯಾಗಿ. ಬಳೆಗೆ ಬಂದಳು. ಒಂದು ಸುತ್ತು. ಎರಡು ಸುತ್ತು. ಇನ್ನು ಮುಂದಕ್ಕೆ ಹೋಗಬೇಕು. ಹೋಗಲಿಲ್ಲ. ಮೂರು. ಪುಟ್ಟ ಕಿವಿಯನ್ನು ಮರಕ್ಕೆ ಇನ್ನಷ್ಟು ಒತ್ತಿದ. ನಾಲ್ಕು. ಮುಂದಿನ ಮನೆ ಮರೆತಿದ್ದಾಳೆ. ಅದೇ ಮನೆಯಲ್ಲಿ ಸಿಕ್ಕಿಕೊಂಡು ಸುತ್ತುತ್ತಿದ್ದಾಳೆ, ಕತ್ತಲಲ್ಲಿ ಗೋಡೆ ತಡವುವವರಂತೆ. ಐದು. ಒಳಗೆ ಯಾರೋ ಕುರ್ಚಿಯಲ್ಲಿ ಅಲುಗಾಡಿದ ಸದ್ದು. ಈಗ ಗೊತ್ತಾಗುತ್ತದೆ, ಮ್ಯಾನೇಜರಿಗೆ ಗೊತ್ತಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ! ಪುಟ್ಟ ಬಾಗಿಲ ಸಂದಿಗೆ ಬಾಯಿಟ್ಟು, ಜೀವಮಾನದಲ್ಲೇ ಎಂದೂ ಕೆಮ್ಮದಷ್ಟು ಗಟ್ಟಿಯಾಗಿ, ಮನೆ ಮಾಲೀಕನಾಗಿ ಕೆಮ್ಮಿದ.

"ಹ್ಹ್‌ಕ್ಕು!"

ಸುತ್ತು ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅಕ್ಕ ಮುಂದಿನ ಮನೆಗೆ ಹೋದಳು, ಅದರ ಮುಂದಿನದಕ್ಕೆ ಹೋದಳು, ಮುಗಿಸಿದಳು. ಚಪ್ಪಾಳೆಗೆ ಓಣಿಯ ಕುರ್ಚಿಗಳು ಗಲಗಲ ಅಂದವು.

ಹಿಂದಿನ ಕೋಣೆಯಲ್ಲಿ ಅಕ್ಕ ಬೆವರು ಒರೆಸಿಕೊಳ್ಳುತ್ತಿದ್ದಳು. "ಯಾಕೋ ಕೆಮ್ಮಿದೆ?" ಎಂದಳು.

"ನೀನು ಬಳೆಯಲ್ಲಿ ಸಿಕ್ಕಿಹಾಕ್ಕೊಂಡಿದ್ದೆ."

"ಸಿಕ್ಕಿರಲಿಲ್ಲ."

"ಐದು ಸಲ ಸುತ್ತಿದೆ ಅಕ್ಕ!"

"ನುಡಿಸೋರ ಇಷ್ಟ ತಾನೇ? ಎರಡು ಅಂದಿದ್ದು ನೀನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಚೆನ್ನಾಗಿತ್ತು ಕಣೋ ಅಲ್ಲಿ. ಎಷ್ಟು ದಿನ ಆಗಿತ್ತು, ಯಾರೂ ಹೇಳಿಕೊಡದೆ ಒಂದು ಮನೇಲಿ ನಾನೇ ಓಡಾಡಿ. ಇನ್ನೂ ಎರಡು ಸುತ್ತು ಬರೋಣ ಅಂತಿದ್ದೆ. ಕೆಮ್ಮು ಕೇಳಿಸ್ತು, ಕೈ ತಾನಾಗೇ ಮುಂದಕ್ಕೆ ಹೋಯ್ತು."

ಅಷ್ಟರಲ್ಲಿ ಬಾಗಿಲು ನೂಕಿಕೊಂಡು ಮೊದಲು ಮೂಗು, ಅದರ ಹಿಂದೆ ಸಂಯೋಜಕರು, ಅವರ ಹಿಂದೆ ಮ್ಯಾನೇಜರು ಬಂದರು.

"ಆ ಕೆಮ್ಮು! ಮುಚ್ಚಿದ ಬಾಗಿಲಾಚೆಯಿಂದ! ಹೋದವನು ಪೂರ್ತಿ ಹೋಗಿಲ್ಲ, ಅಲ್ವೇ? ನನಗೇ ಹೊಳೆದಿರಲಿಲ್ಲ. ಇಡೀ ಕೃತಿಯ ಪ್ರಾಣ ಅಂದ್ರೆ ಅದೇ. ಯಾರ ಯೋಚನೆ ಅದು?"

"ಇನ್ನೂ ನಾಲ್ಕಾರು ಸಭಾಂಗಣದವರು ಕೇಳ್ತಿದಾರೆ," ಎಂದರು ಮ್ಯಾನೇಜರು. "ಮುಂದಿನ ವರ್ಷಪೂರ್ತಿ ಊರೂರು ಸುತ್ತಬೇಕಾಗತ್ತೆ. ಇದೇ ಜೋಡಿ."

ಸಂಯೋಜಕರು ಆಗಲೇ ಹಾಳೆಯನ್ನು ಮೇಜಿನ ಮೇಲೆ ಹರಡಿ ಪೆನ್ನಿನ ಟೋಪಿ ತೆಗೆದಿದ್ದರು. "ಇದನ್ನ ಬರೆದುಬಿಡ್ತೀನಿ. ಎಲ್ಲಿ ಬರೀಲಿ, ಹೇಳಿ."

ಅದು ತಪ್ಪಿ ಬಂದ ಕೆಮ್ಮು ಸಾರ್, ಬರೀಬೇಡಿ. ಇಷ್ಟು ಹೇಳಿದ್ದರೆ ಸಾಕಿತ್ತು. ಪುಟ ತಿರುಗಿಸಲು ಇನ್ನು ಮುಂದೆ ಯಾರು ಬಂದರೂ ಆಗುತ್ತದೆ ಎಂದು ಹೇಳಿದ್ದರೆ, ಅಲ್ಲಿಂದ ಮುಂದೆ ಏನೇನು ಹೇಳಬೇಕೋ ಅದೆಲ್ಲ ಒಂದರ ಹಿಂದೆ ಒಂದು ಬರುತ್ತಿತ್ತು. ಅಕ್ಕನೂ ಹೇಳುತ್ತಿದ್ದಳೋ ಏನೋ. ಅವಳು ಮುಖ ಆಚೆಗೆ ತಿರುಗಿಸಿದ್ದಳು. ಯಾರನ್ನಾದರೂ ನೋಡಬೇಕಾದರೆ ಅವಳು ಹಾಗೆಯೇ ಮುಖ ತಿರುಗಿಸಬೇಕು. ಕಣ್ಣಂಚಿನಲ್ಲಿ ತಮ್ಮನನ್ನು ಇಟ್ಟುಕೊಂಡು ಕಾಯುತ್ತಿದ್ದಳು.

ಪುಟ್ಟ ಹಾಳೆ ನೋಡಿದ. ಐದು ಗೆರೆ, ನಡುವೆ ಬಳೆ, ಅದರ ಪಕ್ಕದಲ್ಲಿ 'ಎಲ್ಲಿ' ಎಂದು ಕಾದು ನಿಂತ ಪೆನ್ನಿನ ಮೊನೆ. ಇಷ್ಟು ವರ್ಷ ಮಗುಚಿದ ಹಾಳೆಗಳಲ್ಲಿ ಎಲ್ಲೂ ಅವನಿಗೆಂದು ಒಂದು ಚುಕ್ಕಿ ಇರಲಿಲ್ಲ. ಮೊದಲ ಸಲ ಇದ್ದದ್ದು, ಹೊರಗೆ ಹೋಗು ಎಂದು.

"ಸ್ವಲ್ಪ ಮೇಲೆ ಬರೀರಿ ಸಾರ್," ಎಂದ. "ಅದು ಎದೆ ಕೆಮ್ಮಲ್ಲ, ಗಂಟಲಿಂದ ಬರೋದು. ಮೇಲಿನ ಗೆರೆ ಹತ್ರ."

ಪೆನ್ನು ಕಾಗದ ಮುಟ್ಟಿದಾಗಲೇ ಸೋಮವಾರ ಹೋಯಿತೆಂದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಕತ್ತು ಚಾಚಿ, ಗುರುತು ಹೇಗೆ ಬಂದಿದೆ ಎಂದು ನೋಡಿದ. ಚೆನ್ನಾಗಿಯೇ ಬಂದಿತ್ತು.

ಜನ ಕರಗಿದ ಮೇಲೆ ಇಬ್ಬರೂ ಹೊರಗಿನ ಮೆಟ್ಟಲು ಇಳಿಯುತ್ತಿದ್ದರು. ಅಕ್ಕನ ಕೈ ಅವನ ಮೊಣಕೈ ಹಿಡಿದಿತ್ತು.

"ಸೋಮವಾರದ್ದು ಏನು ಮಾಡ್ತೀಯ?" ಎಂದಳು.

ಪುಟ್ಟನ ಕಾಲು ತಡೆಯಿತು. "ಯಾರು ಹೇಳಿದ್ರು?"

"ಅಮ್ಮ. ಬಟಾಣಿ ಸುಲಿದ ದಿನವೇ. ನೀನೇ ಬಾಯಿ ಬಿಡ್ತೀಯ ಅಂತ ಕಾದೆ. ಆ ಎರಡು ಪುಟ ಆಮೇಲೂ ಯಾಕೆ ಅಷ್ಟು ಹಟದಿಂದ ಒಬ್ಬಳೇ ಕಲಿತೆ ಅಂದ್ಕೊಂಡೆ? ನೀನಿಲ್ಲದೆ ಉಳಿದದ್ದೂ ಹೇಗಾದ್ರೂ ಆಗತ್ತೆ ಅಂತ ಅನ್ನಿಸಿತ್ತು, ನೀನು ಬಾಗಿಲು ಮುಚ್ಚಿದಾಗ." ಅವಳು ಒಂದು ಮೆಟ್ಟಲು ಇಳಿದಳು. "ಹೇಳು. ಸೋಮವಾರ?"

"ಯಾವ ಸೋಮವಾರ? ವಾರಕ್ಕೊಂದು ಬರತ್ತೆ, ಅಲ್ವೇ?" ಎಂದ ಪುಟ್ಟ, ಮೂಗಿನಿಂದ.

ಅಕ್ಕ ನಗಲಿಲ್ಲ. "ನಿನ್ನ ದನೀಲಿ ಹೇಳು."

ಅವನು ಬಾಯಿ ತೆರೆದ. ನಾಲಿಗೆ ತುದಿಗೆ ಅಮ್ಮ ಬಂದಳು, ಮಾವ ಬಂದ, ಹಲ್ಲಿಲ್ಲದ ರಾಜ ಬಂದ. ಒಬ್ಬೊಬ್ಬರನ್ನೇ ಹಿಂದಕ್ಕೆ ಕಳಿಸಿದ. ಕೆಳಗೆ ಬೀದಿಯಲ್ಲಿ ಬಸ್ಸು ಬಂದು ನಿಂತು, ಜನ ಹತ್ತಿ, ಹೊರಟು ಹೋಯಿತು.

"ಇನ್ನೊಂದು ಮೆಟ್ಟಲಿದೆ ಅಕ್ಕ," ಎಂದ.

ಅವಳು ಕಾಲು ಚಾಚಿ ಅದನ್ನು ಹುಡುಕಿದಳು.